ಕಿಟಕಿ ಪಕ್ಕದ ಕಂಪ್ಯೂಟರಿನ ಹೊಸ ಬ್ರೌಸರ್

ಕಂಪ್ಯೂಟರಿನ ಮುಂದಿನಿಂದ ಏಳುವಾಗ ನಾನು ಪಡುವ ಪಾಡನ್ನು ಕಂಡು ನಮ್ಮ ಮನೆಯವರು ನಗುತ್ತಾರೆ. ತೆರೆದ ಪುಟಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತೇನೆ. ಮುಚ್ಚಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೆ ತೆರೆಯುತ್ತೇನೆ. ಬಾಗಿಲವರೆಗೆ ಹೋದವಳು ಹಿಂದಿರುಗಿ ಪರದೆಯನ್ನು ಇಣುಕಿ ನೋಡುತ್ತೇನೆ. "ಈ ಜೋಪಾನ ಒಲೆ ಮೇಲೂ ಇದ್ದಿದ್ರೆ ನಮ್ಮನೇಲಿ ಒಂದು ದಿನಾನೂ ಹಾಲು ಉಕ್ತಿರಲಿಲ್ಲ" ಎನ್ನುತ್ತಾರೆ ನಮ್ಮವರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಗಂಡಸರು ಹಾಲು ನೋಡಿಕೊಳ್ಳಬಾರದೆಂದು ಯಾವ ಕಾನೂನಿನಲ್ಲಿ ಬರೆದಿದೆ ಎಂದು ನಾನು ಕೇಳುತ್ತೇನೆ. ಅಲ್ಲಿಗೆ ಆ ವಿಷಯ ನಿಲ್ಲುತ್ತದೆ, ಹಾಲು ಉಕ್ಕುವುದು ನಿಲ್ಲುವುದಿಲ್ಲ.

ಯಾವ ಬ್ರೌಸರ್ ವೇಗ, ಯಾವುದು ಭದ್ರ ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ನಂಜನಗೂಡು ಪೇಟೆಯ ಒಂದು ಸೈಬರ್ ಸೆಂಟರ್. ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಬ್ರೌಸರನ್ನು ಆರಿಸಿಕೊಳ್ಳುವುದು ಅಂಗಡಿಯಲ್ಲಿ ಸೋಪು ಆರಿಸಿಕೊಂಡಷ್ಟೇ ಸುಲಭ ಎಂದು ಇಂದಿನವರು ಭಾವಿಸುತ್ತಾರೆ. ನನಗೆ ಹಾಗೆ ಭಾವಿಸುವ ಭಾಗ್ಯವಿಲ್ಲ.

ಆ ಸೈಬರ್ ಸೆಂಟರಿನ ಮಾಲೀಕರು ಮಾದೇವಸ್ವಾಮಿ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ವ್ಯಾಪಾರ. ಅದು ಅವರ ತಂದೆಯ ಕಾಲದಲ್ಲಿ ಬೆಲ್ಲದ ಮಂಡಿಯಾಗಿದ್ದ ಜಾಗ. ಬೆಲ್ಲ ಹೋಗಿ ಕಂಪ್ಯೂಟರು ಬಂದಿದ್ದರೂ ಗೋಡೆಗಳು ಬೆಲ್ಲವನ್ನು ಮರೆತಿರಲಿಲ್ಲ. ಕೀಬೋರ್ಡಿನ ಸಂದಿಗಳಿಂದ ಇರುವೆಗಳು ಸಾಲುಗಟ್ಟಿ ಹೊರಡುತ್ತಿದ್ದವು. ಅಲ್ಲಿಗೆ ಬರುವವರಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಕಂಪ್ಯೂಟರು. ತಮ್ಮ ಮೇಲ್ ಆ ಪೆಟ್ಟಿಗೆಯೊಳಗೇ ಇದೆ ಎಂದು ಅವರೆಲ್ಲ ನಂಬಿದ್ದರು. ಬೇರೆ ಕಂಪ್ಯೂಟರು ಖಾಲಿ ಬಿದ್ದಿದ್ದರೂ ಬೆಂಚಿನ ಮೇಲೆ ಕುಳಿತು ತಮ್ಮದರ ಸರದಿಗೆ ಕಾಯುವರು. ಮಾದೇವಸ್ವಾಮಿಯವರು ಈ ನಂಬಿಕೆಯನ್ನು ತಿದ್ದಲಿಲ್ಲ, ಪೋಷಿಸಿದರು. ಎಲ್ಲರ ಪಾಸ್‌ವರ್ಡುಗಳನ್ನೂ ಯಂತ್ರವೇ ಜ್ಞಾಪಕ ಇಟ್ಟುಕೊಳ್ಳುವಂತೆ ಮಾಡಿಟ್ಟಿದ್ದರು. "ಹಳ್ಳಿಯಿಂದ ಬರೋರು ಮೇಡಮ್ಮೋರೇ, ಪಾಸ್‌ವರ್ಡು ಎಲ್ಲಿ ನೆನಪಿರ್ತದೆ? ಬಂದು ಕೂತ್ರೆ ಸಾಕು, ಅದೇ ತೆಗ್ದುಕೊಡ್ತದೆ. ಸರ್ವೀಸು!"

ಇದು ಸರ್ವೀಸಲ್ಲ, ಜನರ ಖಾಸಗಿತನದ ಮೇಲಿನ ಅತಿಕ್ರಮಣ ಎಂದು ನಾನು ಹೇಳಿದೆ. ಒಂದು ಸಲವಲ್ಲ, ಟಿ. ನರಸೀಪುರದಿಂದ ಬಂದು ಬಸ್ಸಿಳಿದು ಅಲ್ಲಿಗೆ ಹೋದಾಗಲೆಲ್ಲ ಹೇಳಿದೆ. ಹಳೆಯ ಬ್ರೌಸರ್ ನಿಧಾನ, ಅಭದ್ರ, ಅಲ್ಲದೆ ಕೇಳದೇ ನಮ್ಮ ಮೇಲೆ ಹೇರಲ್ಪಟ್ಟದ್ದು. ಹೊಸದೊಂದು ಬಂದಿದೆ, ವೇಗವೂ ಹೌದು, ಭದ್ರವೂ ಹೌದು, ಉಚಿತವೂ ಹೌದು ಎಂದು ಪತ್ರಿಕೆಯಲ್ಲಿ ಓದಿದ್ದನ್ನು ಒಪ್ಪಿಸಿದೆ. ನಮ್ಮ ಮಹಿಳಾ ಬಳಗದ ಸಭೆಯಲ್ಲಿ, ಬೀದಿ ನಲ್ಲಿಯ ವಿಷಯ ಮುಗಿದು ಪಡಿತರದ ವಿಷಯ ಆರಂಭವಾಗುವ ಮೊದಲು, ಹೊಸ ಬ್ರೌಸರಿನ ಪರವಾಗಿ ಒಂದು ನಿರ್ಣಯವನ್ನೂ ಅಂಗೀಕರಿಸಿಬಿಟ್ಟೆವು. ಸಭೆಯಲ್ಲಿದ್ದವರಲ್ಲಿ ಹೆಚ್ಚಿನವರು ಬ್ರೌಸರನ್ನು ಕಂಡವರಲ್ಲ. ಆದರೂ ಕೈಯೆತ್ತಿದರು, ನನ್ನ ಭಾಷಣ ನಿಲ್ಲಲಿ ಎಂದು ಎತ್ತಿದರೆಂದು ಆಮೇಲೆ ತಿಳಿಯಿತು. ಕೊನೆಗೆ ಮಾದೇವಸ್ವಾಮಿಯವರೂ ಸೋತು ಕಿಟಕಿ ಪಕ್ಕದ ಕಂಪ್ಯೂಟರಿಗೆ ಮಾತ್ರ ಹೊಸದನ್ನು ಹಾಕಿಕೊಟ್ಟರು. "ಒಂದಕ್ಕೆ ಹಾಕಿವ್ನಿ. ನಿಮ್ ಗಲಾಟೆ ನಿಂತ್ರೆ ಸಾಕು."

ಖಾಸಗಿತನದ ಬಗ್ಗೆ ನನಗೇಕೆ ಅಷ್ಟು ಉರಿ ಎಂದು ನೀವು ಕೇಳಬಹುದು. ಕವಲಂದೆಯ ಆಚೆಗಿನ ನಮ್ಮ ಹಳ್ಳಿಯಲ್ಲಿ, ತೊಂಬತ್ತರ ದಶಕದಲ್ಲಿ, ಇದ್ದದ್ದು ಒಂದೇ ಫೋನು. ಅದೂ ರಾಗಿ ವ್ಯಾಪಾರಿಯೊಬ್ಬರ ಮನೆಯಲ್ಲಿ. ಊರಿನ ಮದುವೆ ಕಾಗದಗಳಲ್ಲೆಲ್ಲ ಅದೇ ನಂಬರು, ಪಕ್ಕದಲ್ಲಿ 'ಪಿ.ಪಿ.' ಎಂಬ ಎರಡಕ್ಷರ, ಅಂದರೆ ಬೇಕಾದವರನ್ನು ಕರೆದು ಕೊಡುತ್ತಾರೆ ಎಂದು. ನಮ್ಮ ಅಪ್ಪ ನರಸೀಪುರದಲ್ಲಿ ಕೆಲಸದಲ್ಲಿದ್ದರು. ವಾರಕ್ಕೊಮ್ಮೆ ಫೋನು ಮಾಡುವರು. ಮೇಲುಕೇರಿಯವರು ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತು ಮಾತನಾಡುತ್ತಿದ್ದರು. ನಮ್ಮ ಕೇರಿಯವರಿಗೆ ಮಾತ್ರ ಕಿಟಕಿಯ ಸರಳುಗಳ ನಡುವಿನಿಂದ ರಿಸೀವರನ್ನು ಹೊರಕ್ಕೆ ಕೊಡುತ್ತಿದ್ದರು. ಅಸ್ಪೃಶ್ಯತೆ ಟೆಲಿಫೋನಿನ ತಂತಿಯ ಉದ್ದವನ್ನೂ ಅಳೆದಿತ್ತು. ನಮ್ಮವ್ವ ಜಗಲಿಯ ಕೆಳಗೆ ನಿಂತು, ಕುತ್ತಿಗೆಯನ್ನು ಓರೆ ಮಾಡಿ, ಕಿಟಕಿಗೆ ಕಿವಿಕೊಟ್ಟು ಮಾತನಾಡುತ್ತಿದ್ದಳು. ಜಗಲಿಯ ಮೇಲಿನವರೆಲ್ಲ ಎಲೆ ಅಡಿಕೆ ಮೆಲ್ಲುತ್ತ ಕೇಳಿಸಿಕೊಳ್ಳುತ್ತಿದ್ದರು.

ಒಮ್ಮೆ ಅವಳಿಗೆ ಹೆಂಗಸರ ಕಾಯಿಲೆಯೊಂದು ಬಂತು. ರಕ್ತ ನಿಲ್ಲುತ್ತಿರಲಿಲ್ಲ. ಅಪ್ಪನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಳು. ನಾನು ಅವಳ ಸೆರಗು ಹಿಡಿದು ಜೊತೆಗಿದ್ದೆ. ರಿಸೀವರ್ ಕೈಗೆ ಬಂದಾಗ ಜಗಲಿ ಭರ್ತಿಯಾಗಿತ್ತು. "ಎಲ್ಲಾ ಸಂದಾಗವ್ರೆ. ಏನಿಲ್ಲ. ಬಂದೋಗಿ" ಎಂದಷ್ಟೇ ಹೇಳಿ ಸರಳುಗಳ ನಡುವೆ ರಿಸೀವರನ್ನು ಹಿಂದಿರುಗಿಸಿದಳು. ಅಪ್ಪ ಅದನ್ನು ನಂಬಿ, ಬರಬೇಕಾದಾಗ ಬಾರದೆ, ಬಿಡುವಾದಾಗ ಬಂದರು. ಅವ್ವ ಉಳಿದಳು, ಆದರೆ ಆ ಮೊದಲಿನ ಅವ್ವನಾಗಿ ಉಳಿಯಲಿಲ್ಲ. ಖಾಸಗಿತನವೆಂಬುದು ಉಳ್ಳವರ ಶೋಕಿ ಎಂದು ವಾದಿಸುವ ಗೆಳೆಯರು ನಮ್ಮ ಚಳವಳಿಯಲ್ಲೂ ಇದ್ದಾರೆ. ಅವರನ್ನು ಒಂದು ಸಲ ಆ ಕಿಟಕಿಯ ಕೆಳಗೆ ನಿಲ್ಲಿಸಬೇಕೆಂದು ನನಗೆ ಅನ್ನಿಸುತ್ತದೆ.

ಇರಲಿ, ಚಿಕ್ಕತಾಯಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗದ ಸಂಪರ್ಕಕ್ಕೆ ಬಂದಿದ್ದ ದೇವನೂರಿನ ಕಡೆಯ ಹೆಣ್ಣುಮಗಳು, ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆ ಕೆಲಸ. ಅಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿ, ಕೀಲಿಯನ್ನು ಸೂಪರ್‌ವೈಸರ್ ಜಯಣ್ಣ ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಊಟದ ಬಿಡುವಿನಲ್ಲಿ ಮಾತ್ರ ತೆಗೆಯುವುದು. ನಡುವೆ ಬೇಕೆಂದವರು ಗಂಡಸರೆಲ್ಲರ ಎದುರು ಅವನ ಮುಂದೆ ಹೋಗಿ ನಿಂತು ಕೇಳಬೇಕು. ಇದನ್ನು ಶಿಸ್ತು ಎಂದು ಕರೆಯುತ್ತಿದ್ದರು. ನಾನು ಕ್ರೌರ್ಯ ಎಂದು ಕರೆಯುತ್ತೇನೆ. ಚಿಕ್ಕತಾಯಮ್ಮನಿಗೆ ಮೂತ್ರಕೋಶಕ್ಕೆ ಸೋಂಕು ತಗುಲಿ, ಜ್ವರ ಏರಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆಗ ನಾವಿಬ್ಬರೂ ಕುಳಿತು, ಅವಳ ಕಾಯಿಲೆಯ ವಿವರವನ್ನೂ ಸೇರಿಸಿ, ಹೆಸರು ಹಾಕದೆ, ಅದಕ್ಕೆಂದೇ ತೆರೆದ ಹೊಸ ಖಾತೆಯಿಂದ ಕಾರ್ಮಿಕ ಇಲಾಖೆಗೆ ಮೇಲ್ ಮೂಲಕ ದೂರು ಕಳಿಸಿದೆವು. ಹೆಸರಿಲ್ಲದಿದ್ದರೇನು? ಆಸ್ಪತ್ರೆಗೆ ಸೇರಿ ಕೆಲಸ ತಪ್ಪಿಸಿಕೊಂಡವಳು ಯಾರೆಂದು ಜಯಣ್ಣನಿಗೆ ಗೊತ್ತಿತ್ತು. ಅವನ ಕಣ್ಣಿಗೆ ಆ ಮೇಲ್ ಬಿದ್ದರೆ ಮರುದಿನ ಅವಳಿಗೆ ಗೇಟಿನ ಒಳಗೆ ಜಾಗವಿಲ್ಲ.

ಒಂದು ಭಾನುವಾರ ಹೋಗಿ ನೋಡಿದಾಗ ಇಲಾಖೆಯ ಉತ್ತರ ಬಂದಿತ್ತು. ಅಧಿಕಾರಿ ಮರುದಿನವೇ, ಮುನ್ಸೂಚನೆ ಇಲ್ಲದೆ, ತಪಾಸಣೆಗೆ ಬರುವರೆಂದು. ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಓದಿದೆವು. ಹಳೆಯ ಬ್ರೌಸರಿಗಿಂತ ಹೊಸದು ಹೇಗೆ ಭದ್ರ ಎಂದು ನಾನು ವಿವರಿಸಲು ತೊಡಗಿದಾಗ ಚಿಕ್ಕತಾಯಮ್ಮ ತಡೆದಳು. "ಭದ್ರ ಅಂದ್ರೆ ಏನಕ್ಕ? ಬಿರ್ರನೆ ಮುಗ್ಸಿ ಎದ್ದೋಗದೇ ಭದ್ರ. ಬಸ್ ಓಯ್ತದೆ." ಸರಿ, ನೀನೇ ಮುಚ್ಚಿ ಬಾ ಎಂದು ಹೇಳಿ ನಾನು ಎದ್ದು ಕೌಂಟರಿಗೆ ಹೋದೆ. ಅಲ್ಲಿ ಮಾದೇವಸ್ವಾಮಿಯವರಿಗೆ, ಉಳಿದ ಕಂಪ್ಯೂಟರುಗಳಿಗೂ ಹೊಸ ಬ್ರೌಸರ್ ಹಾಕದಿರುವುದು ಎಂಥ ಬೇಜವಾಬ್ದಾರಿ ಎಂಬುದನ್ನು ಸವಿಸ್ತಾರವಾಗಿ ತಿಳಿಸಿದೆ.

ಬಸ್‌ಸ್ಟ್ಯಾಂಡಿನ ಹಾದಿಯಲ್ಲಿ ಚಿಕ್ಕತಾಯಮ್ಮ ಬಹಳ ಗೆಲುವಾಗಿದ್ದಳು.

"ಇನ್ಮ್ಯಾಕೆ ಜಲ್ದಿ ಆಯ್ತದೆ ಬುಡಕ್ಕ. ಅದೇ ಕೇಳ್ತು, ರಿಮೆಂಬರ್ ಅಂತ ಇಂಗ್ಲೀಷ್ನಲ್ಲಿ. ನೆನಪಿಟ್ಕಳ್ಳಾ ಅಂತ ತಾನೇ? ಊಂ ಅಂತ ಒತ್ಬುಟ್ಟೆ."

ನನ್ನ ಕಾಲು ನಿಂತಿತು. "ಆಚೆ ಬರೋವಾಗ ಸೈನ್‌ಔಟ್ ಒತ್ತಿದೆ ತಾನೇ?"

"ಮ್ಯಾಲ್ಗಡೆ ಇಂಟು ಮಾರ್ಕ್ ಒತ್ತಿದ್ನಲ್ಲ. ಮುಚ್ಕತು."

"ನೆನಪಿಟ್ಟುಕೊಳ್ಳಲಾ ಅಂದಾಗ ಬೇಡ ಅನ್ನಬಾರದಿತ್ತಾ ಚಿಕ್ಕತಾಯಿ?"

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಅಷ್ಟ್ ಮರ್ವಾದಿಯಾಗಿ ಕೇಳ್ದಾಗ ಎಂಗಕ್ಕ ಬ್ಯಾಡ ಅನ್ನದು? ಫ್ಯಾಕ್ಟ್ರೀಲಿ ನಮ್ಮ ಯಾರು ಅಂಗೆ ಕೇಳರು?"

ಬಸ್ಸು ಹೋದರೆ ಹೋಗಲಿ ಎಂದು ಇಬ್ಬರೂ ತಿರುಗಿ ಓಡುನಡಿಗೆಯಲ್ಲಿ ಬಂದೆವು. ಅಂಗಡಿಯ ಗಾಜಿನ ಬಾಗಿಲ ಬಳಿ ಚಿಕ್ಕತಾಯಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಒಬ್ಬ ಕುಳಿತಿದ್ದ.

"ಜಯಣ್ಣ ಕಣಕ್ಕ" ಎಂದಳು.

ಅವಳನ್ನು ಎದುರಿನ ಹೂವಿನಂಗಡಿಯ ಮರೆಗೆ ಕಳಿಸಿ ನಾನು ಒಳಹೊಕ್ಕೆ.

"ಏನ್ ಮೇಡಮ್ಮೋರೇ, ಭಾಷಣ ಇನ್ನೂ ಬಾಕಿ ಇತ್ತಾ?" ಎಂದರು ಮಾದೇವಸ್ವಾಮಿ.

"ಒಂದು ಮೇಲ್ ಮರೆತೆ. ಕಿಟಕಿ ಪಕ್ಕದ್ದು ಬೇಕಿತ್ತು."

"ಅಲ್ಲಿ ಜಯಣ್ಣೋರವ್ರೆ. ತಂಗೀಗೆ ಗಂಡು ಹುಡುಕ್ತಾವ್ರೆ, ಬೇಗ ಏಳೋ ಗಿರಾಕಿ ಅಲ್ಲ. ಯಾಕೆ, ನಿಮ್ ಮೇಲ್ ಕೂಡ ಅದ್ರಲ್ಲೇ ಅದಾ?" ಎಂದು ನಕ್ಕರು. ಮೇಲ್ ಪೆಟ್ಟಿಗೆಯಲ್ಲಿರುವುದಿಲ್ಲ ಎಂದು ಅವರ ಗಿರಾಕಿಗಳಿಗೆಲ್ಲ ಪಾಠ ಹೇಳಿದ್ದವಳು ನಾನು. ಆದರೆ ಭಯವೆಂಬುದು ವಿಚಾರವಾದಿಯನ್ನೂ ಬಿಡುವುದಿಲ್ಲ. ಆ ಕುರ್ಚಿ ಖಾಲಿಯಾದರೆ ಮಾತ್ರ ಉಳಿವು ಎಂಬಂತೆ ನಾನೂ ಬೆಂಚಿನ ಮೇಲೆ ಕುಳಿತುಬಿಟ್ಟೆ. ಜಯಣ್ಣ ವಧೂವರರ ಪುಟವನ್ನು ತಿರುವುತ್ತ ಕೂಗಿ ಹೇಳುತ್ತಿದ್ದ: "ಮಾದೇವಸ್ವಾಮಿ, ಈ ಗಂಡ್ ನೋಡ್ರೀ. ಕೆಲಸ ಚೆನ್ನಾಗದೆ, ಮೀಸೇನೇ ಇಲ್ಲ!"

"ಮೀಸೆ ಬೆಳೀತದೆ ಸಾ, ಕೆಲಸ ಬೆಳೆಯಲ್ಲ."

ಆ ನಗುವಿನ ನಡುವೆ ನನಗೆ ಎಚ್ಚರವಾಯಿತು. ಬೇರೆ ಯಾವ ಕಂಪ್ಯೂಟರಿನಿಂದಲಾದರೂ ಪಾಸ್‌ವರ್ಡ್ ಬದಲಾಯಿಸಿಬಿಡಬಹುದಲ್ಲ! ಹಲಗೆಯ ಅಡ್ಡಗೋಡೆಯ ಈಚೆಗೆ, ಜಯಣ್ಣನ ಪಕ್ಕದ್ದರಲ್ಲೇ ಕುಳಿತೆ. ಅದರಲ್ಲಿದ್ದದ್ದು ಹಳೆಯ ಬ್ರೌಸರ್. ನಾನು ಸಭೆಗಳಲ್ಲಿ ಖಂಡಿಸಿದ್ದು, ನಿರ್ಣಯದ ಮೂಲಕ ತಿರಸ್ಕರಿಸಿದ್ದು. ಅದೀಗ ನನ್ನ ಮೇಲೆ ಹಗೆ ತೀರಿಸಿಕೊಳ್ಳತೊಡಗಿತು. ಪುಟ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯಿತು. ಅರ್ಧಕ್ಕೆ ನಿಂತಿತು. ಮತ್ತೆ ಹೊರಟಿತು. ಹೆಸರು ಹಾಕಿದೆ, ಒಂದಕ್ಷರ ತಪ್ಪಾಯಿತು, ಮತ್ತೆ ಹಾಕಿದೆ. ಕೀಬೋರ್ಡಿನಿಂದ ಹೊರಟ ಇರುವೆಯೊಂದು ನನ್ನ ಕೈ ಹತ್ತಿತು, ಕೊಡವುವುದಕ್ಕೂ ಧೈರ್ಯವಾಗಲಿಲ್ಲ.

ಅಡ್ಡಗೋಡೆಯ ಆಚೆಯಿಂದ ಜಯಣ್ಣನ ಧ್ವನಿ ಬಂತು. "ಸರಿ, ಈ ಗಂಡಿನ ಕಡೆಯೋರು ಏನಾದ್ರೂ ಬರ್ದವ್ರಾ ಅಂತ ನನ್ ಮೇಲ್ ನೋಡ್ಬುಡವಾ."

ನನ್ನ ಪರದೆಯ ಮೇಲೆ ಪುಟ ಬಿಳಿಯಾಗಿತ್ತು. ಮೂಲೆಯಲ್ಲಿ ಮರಳು ಗಡಿಯಾರದ ಚಿತ್ರ ಮಾತ್ರ ತಿರುಗುತ್ತಿತ್ತು.

"ಇದೇನ್ರೀ ಇದು? ಯಾರ್ದೋ ಮೇಲ್ ಓಪನ್ ಆಗ್ಬುಡ್ತು!" ಎಂದ ಜಯಣ್ಣ. ಕುರ್ಚಿ ಮುಂದಕ್ಕೆ ಸರಿದ ಸದ್ದಾಯಿತು. "ತಾಂಡ್ಯ... ಅಂತ ಅದೆ. ನಮ್ ತಾಂಡ್ಯ ಕಣ್ರೀ. ಏನಿದು..."

ನಾನು ಎದ್ದು ನಿಂತೆ. ಏನು ಮಾಡಲು ನಿಂತೆನೋ ನನಗೆ ತಿಳಿಯದು. ಅನ್ಯಾಯ ಕಂಡಲ್ಲೆಲ್ಲ ಹೆಸರಿಟ್ಟು ಕೂಗಿದ ನನ್ನ ಬಾಯಿಯಿಂದ ಒಂದು ಅಕ್ಷರ ಹೊರಡಲಿಲ್ಲ. ಅಡ್ಡಗೋಡೆಯ ಮೇಲಿನಿಂದ ಕೌಂಟರಿನತ್ತ ನೋಡಿದೆ, ಮಾದೇವಸ್ವಾಮಿ ನನ್ನನ್ನು ನೋಡಿದರು. ಅವರು ಎದ್ದು, ಅವಸರವಿಲ್ಲದೆ, ಕೌಂಟರಿನ ಹಿಂದಿನ ಬಟ್ಟೆಯ ಪರದೆಯ ಮರೆಗೆ ಹೋದರು.

ಟಪ್ ಎಂದು ಎಲ್ಲ ನಿಂತಿತು. ದೀಪ, ಫ್ಯಾನು, ಕಂಪ್ಯೂಟರುಗಳ ಗುಂಯ್‌ಗುಡುವಿಕೆ, ನನ್ನ ಮರಳು ಗಡಿಯಾರ, ಜಯಣ್ಣನ ತಾಂಡ್ಯ, ಎಲ್ಲವೂ.

"ಕರೆಂಟ್ ಹೋಯ್ತು ಸಾ."

"ಎದ್ರು ಹೋಟ್ಲಲ್ಲಿ ಫ್ಯಾನ್ ತಿರುಗ್ತಾ ಅದಲ್ರೀ?"

"ಅದು ಬೇರೆ ಲೈನು ಸಾ."

"ಯುಪಿಎಸ್ ಏನಾಯ್ತು?"

"ಬ್ಯಾಟ್ರಿ ಸತ್ತೋಗದೆ. ಮೆಕ್ಯಾನಿಕ್‌ಗೆ ಹೇಳಿ ಹೇಳಿ ಸಾಕಾಯ್ತು, ಆ ಬಡ್ಡಿಮಗ ಬತ್ತಾ ಇಲ್ಲ."

ಜಯಣ್ಣ ಕಪ್ಪು ಪರದೆಯನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದ. ಆಮೇಲೆ ಎದ್ದು ಬಾಗಿಲ ಬಳಿ ನಿಂತ. "ಏನೋ ನಮ್ ಕಡೇದೇ ಮೇಲ್ ಇದ್ದಂಗಿತ್ತು. ಸಾಯಂಕಾಲ ಬತ್ತೀನಿ, ಅದನ್ನ ಅಂಗೇ ಇಟ್ಟಿರ್ರೀ" ಎಂದು ಹೇಳಿ ಹೋದ. ಹೂವಿನಂಗಡಿಯ ಮುಂದೆಯೇ ಹಾದು ಹೋದ. ಅಂಗಡಿಯಾಕೆಯ ಬೆನ್ನ ಹಿಂದೆ ಚಿಕ್ಕತಾಯಮ್ಮ ತಲೆಯ ಮೇಲೆ ಸೆರಗೆಳೆದು, ಬುಟ್ಟಿಯ ಮೇಲೆ ಬಗ್ಗಿ, ಕಟ್ಟಲು ಬಾರದ ಹೂವನ್ನು ಕಟ್ಟುತ್ತಿದ್ದಳು.

ಮಾದೇವಸ್ವಾಮಿ ಮತ್ತೆ ಪರದೆಯ ಮರೆಗೆ ಹೋದರು; ದೀಪ ಹತ್ತಿತು.

"ಏನಿತ್ತು ಅಂತ ನಾನು ಕೇಳಲ್ಲ. ಬೇಗ ತೆಗ್ದಾಕಿ."

ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಕುಳಿತು ಆ ಬ್ರೌಸರ್ ನೆನಪಿಟ್ಟುಕೊಂಡದ್ದನ್ನೆಲ್ಲ ಅಳಿಸಿದೆ. ನಮ್ಮದೊಂದನ್ನೇ ಆರಿಸಿ ತೆಗೆಯುವಷ್ಟು ವಿದ್ಯೆ ನನಗಿರಲಿಲ್ಲ. ಆ ಕಂಪ್ಯೂಟರನ್ನು ನಂಬಿದ್ದ ಸಮಸ್ತರದ್ದೂ ಹೋಯಿತು. ಹೋದದ್ದನ್ನು ತಿಳಿಸಿದಾಗ ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ನಾಳೆಯಿಂದ ಗಿರಾಕಿಗಳಿಗೆ ಏನ್ರೀ ಹೇಳ್ಲಿ? ನಿಮ್ ಮೇಲ್ಗಳು ಸುಟ್ಟೋದ್ವು ಅನ್ಲಾ?" ಹಾಗೆಯೇ ಹೇಳಿದರೆಂದು ಆಮೇಲೆ ಕೇಳಿದೆ. ಕೆಲವರು ಆ ಅಂಗಡಿ ಬಿಟ್ಟು ಮೈಸೂರಿಗೇ ಹೋಗಿ ಮೇಲ್ ನೋಡತೊಡಗಿದರಂತೆ.

"ಯಾಕೆ ಹೀಗೆ ಮಾಡಿದಿರಿ? ಜಯಣ್ಣ ನಿಮ್ಮ ಗಿರಾಕಿಯಲ್ಲವೇ?" ಎಂದೆ.

"ನಿಮ್ಮನ್ನ ನೋಡ್ದೆ. ಇಷ್ಟ್ ದಿನದಿಂದ ನನ್ ತಲೆ ತಿಂತಿದ್ದೀರಿ, ಒಂದ್ ಸಲಾನೂ ನಿಮ್ ಬಾಯಿ ಮುಚ್ಚಿದ್ದು ಕಂಡಿಲ್ಲ. ಇವತ್ತು ಮುಚ್ಚಿತ್ತು. ದೊಡ್ಡದೇ ಏನೋ ಇರ್ಬೇಕು ಅನ್ನಿಸ್ತು." ಮತ್ತೆ ಸೇರಿಸಿದರು: "ಇನ್ಮೇಲೆ ಆ ಬ್ರೌಸರ್ ಹಾಕು, ಈ ಬ್ರೌಸರ್ ಹಾಕು ಅಂತ ಬರ್ಬೇಡಿ ತಾಯಿ. ಕೈ ಮುಗಿತೀನಿ."

ಆದರೆ ಜಯಣ್ಣ ಎಷ್ಟು ಓದಿದ್ದ? 'ತಾಂಡ್ಯ' ಎಂಬ ಒಂದು ಪದವನ್ನೋ, ಅದರ ಮುಂದಿನದನ್ನೂ ಓದಿದ್ದನೋ? ತಪಾಸಣೆಯ ಸುಳಿವು ಸಿಕ್ಕಿದ್ದರೆ ಬೆಳಗಾಗುವುದರೊಳಗೆ ಬೀಗ ಮಾಯವಾಗಿರುತ್ತದೆ. ಅಧಿಕಾರಿ ಬಂದು ನೋಡಿ, ಎಲ್ಲ ಸರಿಯಿದೆ ಎಂದು ಬರೆದುಕೊಂಡು ಹೋಗುತ್ತಾರೆ. ಮರುದಿನ ಚಿಕ್ಕತಾಯಮ್ಮ ಬೀದಿಯಲ್ಲಿರುತ್ತಾಳೆ. ಕೆಲಸಕ್ಕೆ ಹೋಗಬೇಡವೆಂದು ನಾನು ಹೇಳಿದೆ. "ಓಗ್ದಿದ್ರೆ ನಾನೇ ಅಂತ ಗೊತ್ತಾಗಾಕಿಲ್ವಾ?" ಎಂದಳು.

ಸೋಮವಾರ ಬೆಳಗ್ಗೆ ನಾನು ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕುಳಿತೆ. ಕಂಬಿ ಗೇಟಿನ ಮೂಲಕ ಅಂಗಳವೂ, ಅದರ ತುದಿಯಲ್ಲಿ ಹಸಿರು ಬಣ್ಣದ ತಗಡಿನ ಬಾಗಿಲೂ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದೆ. ಬೀಗ ಅಲ್ಲೇ ನೇತಾಡುತ್ತಿತ್ತು. ಜಗತ್ತಿನಲ್ಲಿ ಒಂದು ಬೀಗವನ್ನು ಕಂಡು ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಅವನು ಓದಿರಲಿಲ್ಲ.

ಜೀಪು ಬಂತು. ಅಧಿಕಾರಿಯನ್ನು ಆಫೀಸಿನೊಳಗೆ ಕರೆದೊಯ್ದು ಕಾಫಿ ಕೊಟ್ಟರು. ಅವರು ಕಾಫಿ ಕುಡಿಯುವಷ್ಟು ಹೊತ್ತೂ, ಅದರಾಚೆಯೂ, ಹೆಂಗಸರನ್ನೆಲ್ಲ ಬಿಸಿಲಿನಲ್ಲಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಕೊನೆಗೆ ಹೊರಗೆ ಬಂದ ಅಧಿಕಾರಿ ಮಾಡಿದ ಮೊದಲ ಕೆಲಸವೇನು ಗೊತ್ತೇ? ಜಯಣ್ಣನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಗೇಟಿನಾಚೆಯ ನನಗೂ ಕೇಳುವಂತೆ, ಗಟ್ಟಿಯಾಗಿ ಕೇಳಿದರು:

"ದೂರು ಕೊಟ್ಟಿರೋದು ಯಾರಮ್ಮ? ಮುಂದೆ ಬನ್ನಿ."

ನಾವು ಯಾವ ಬ್ರೌಸರಿನಲ್ಲಿ ಎಂಥ ಪಾಸ್‌ವರ್ಡ್ ಇಟ್ಟು ಏನನ್ನು ಕಾಪಾಡಿದ್ದೆವು? ಗುಟ್ಟನ್ನು ಕಾಯಬೇಕಾದ ಇಲಾಖೆಯೇ ಅದನ್ನು ಅಂಗಳದಲ್ಲಿ ಹರಾಜಿಗಿಟ್ಟಿತ್ತು. ನಾನು ಗೇಟಿನ ಕಂಬಿ ಹಿಡಿದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಲಿನ ನಡುವಿನಿಂದ ಪುಟ್ಟಮಾದಮ್ಮ ಎಂಬ ಹಿರಿಯ ಹೆಂಗಸು ಸೊಂಟಕ್ಕೆ ಕೈಯಿಟ್ಟು ಮಾತನಾಡಿದಳು.

"ಯಾರು ಅಂತ ಆಮ್ಯಾಕೆ ಯೋಳ್ತೀವಿ ಸಾ. ಬೆಳಿಗ್ಗೆ ಬಂದಿದ್ದು ನಾವು. ನಿಮಗೋಸ್ಕರ ಅಂತ ಇನ್ನೂ ನಿಲ್ಸವ್ರೆ. ಮೊದ್ಲು ಆ ಬೀಗ ತೆಗ್ಸಿ, ಇಲ್ದಿದ್ರೆ ಇಲ್ಲೇ ಏನಾದ್ರೂ ಆದ್ರೆ ನಮ್ಮ ಕೇಳ್ಬ್ಯಾಡಿ."

ಸಾಲಿನುದ್ದಕ್ಕೂ ನಗು ಹರಿಯಿತು. ಅಧಿಕಾರಿಯ ಮುಖ ಕೆಂಪಾಯಿತು. ಅವರು ಜಯಣ್ಣನ ಕಡೆಗೆ ತಿರುಗಿದರು. ಜಯಣ್ಣ ಪ್ಯಾಂಟಿನ ಒಂದು ಜೇಬಿಗೆ ಕೈ ಹಾಕಿದ, ಇನ್ನೊಂದಕ್ಕೆ ಹಾಕಿದ, ಸರ್ಕಾರದ ಪ್ರತಿನಿಧಿಯ ಕಣ್ಣೆದುರೇ ಕೀಲಿಯನ್ನು ಹೊರಗೆ ತೆಗೆದ. ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಬೀಗ ತೆರೆಯಿತು, ಸಾಲು ಆ ಕಡೆಗೆ ಹೊರಳಿತು. ಆ ಬಾಗಿಲು ಮತ್ತೆ ಮುಚ್ಚದಂತೆ ನೋಡಿಕೊಳ್ಳಲು ನಾವು ಇನ್ನೂ ಎಷ್ಟೋ ಸಲ ಮೈಸೂರಿಗೆ ಓಡಾಡಬೇಕಾಯಿತು, ಅದು ಬೇರೆ ಮಾತು. ಅಂದು ಅಧಿಕಾರಿ ನಡುನಡುವೆ ಕೈಗಡಿಯಾರ ನೋಡುತ್ತ, ದೂರು ಕೊಟ್ಟವರು ಯಾರೆಂದು ಇನ್ನೊಮ್ಮೆ ಕೇಳಿದರು. ಒಬ್ಬರೂ ತಿರುಗಿ ನೋಡಲಿಲ್ಲ.

ಚಿಕ್ಕತಾಯಮ್ಮ ಸಾಲಿನಲ್ಲಿ ಬಹಳ ಹಿಂದೆ ಇದ್ದಳು. ತನ್ನ ಸರದಿ ಮುಗಿಸಿ ಹೊರಬಂದವಳು ನೇರವಾಗಿ ಅಂಗಳದ ಮೂಲೆಯ ನಲ್ಲಿಯ ಬಳಿಗೆ ನಡೆದಳು. ಆ ಕಾರ್ಖಾನೆಯಲ್ಲಿ ಕೆಲಸದ ಹೊತ್ತಿನಲ್ಲಿ ಹೆಂಗಸರು ಆ ನಲ್ಲಿಯ ಕಡೆ ಸುಳಿಯುತ್ತಿರಲಿಲ್ಲ. ಎದ್ದು ಹೋಗಬೇಕಾದೀತೆಂಬ ಹೆದರಿಕೆಗೆ ಬಾಯಿ ಒಣಗಿಸಿಕೊಂಡೇ ದಿನ ಕಳೆಯುವರು. ಅವಳು ಬೊಗಸೆಯೊಡ್ಡಿದಳು. ಜಯಣ್ಣ ನೋಡುತ್ತಿದ್ದ. ಅವಳು ಕುಡಿದಳು, ಮತ್ತೆ ಬೊಗಸೆ ತುಂಬಿಸಿಕೊಂಡಳು, ಹೊಟ್ಟೆ ತುಂಬುವಷ್ಟು ಕುಡಿದಳು.